ಪಾರ್ಶ್ವವಾಯುವಿನ ನಂತರ ಮತ್ತೆ ಕೆಲಸಕ್ಕೆ: ಯಾವ ಕಾಗದ ಮೊದಲು, ಯಾವ ಕಚೇರಿ ಆಮೇಲೆ?

ಪ್ರಶ್ನೆ: ನಾವು ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರದವರು. ನನ್ನ ತಮ್ಮನಿಗೆ 34 ವರ್ಷ. ಬಿ.ಕಾಂ. ಮುಗಿಸಿ ಮಂಗಳೂರಿನ ಒಂದು ಹೋಲ್‌ಸೇಲ್ ಕಂಪೆನಿಯಲ್ಲಿ ಆರು ವರ್ಷದಿಂದ ಲೆಕ್ಕಪತ್ರ ನೋಡಿಕೊಳ್ಳುತ್ತಿದ್ದ. ಸಂಬಳ 18,500 ರೂಪಾಯಿ. ಎಂಟು ತಿಂಗಳ ಹಿಂದೆ ಸ್ಟ್ರೋಕ್ ಆಯಿತು. ಈಗ ನಡೆಯುತ್ತಾನೆ, ಆದರೆ ಬಲಗೈಯಲ್ಲಿ ಹಿಡಿತ ಬಂದಿಲ್ಲ, ಮಾತು ತಡವರಿಸುತ್ತದೆ. ಲೆಕ್ಕ ಮಾತ್ರ ಮೊದಲಿನ ಹಾಗೆಯೇ ಮಾಡುತ್ತಾನೆ. ಕಂಪೆನಿಯವರು ‘ಸದ್ಯಕ್ಕೆ ರಾಜೀನಾಮೆ ಕೊಡಲಿ, ಪೂರ್ತಿ ಗುಣವಾದ ಮೇಲೆ ನೋಡೋಣ’ ಎನ್ನುತ್ತಾರೆ. ಅವನು ಮತ್ತೆ ಕೆಲಸಕ್ಕೆ ಹೋಗುವಂತಾಗಲು ಸರಕಾರದ ಸಹಾಯ ಏನಾದರೂ ಇದೆಯೇ? ಕೆಲಸ ಸಿಕ್ಕಿದರೆ ಅಂಗವಿಕಲ ಪಿಂಚಣಿ ಸಿಗುವುದಿಲ್ಲ ಎಂದು ಕೆಲವರು ಹೆದರಿಸುತ್ತಾರೆ. ನಿಜವೇ?

ಉತ್ತರ: ರಾಜೀನಾಮೆ ಪತ್ರಕ್ಕೆ ಸಹಿ ಹಾಕಿಸಬೇಡಿ. ಉಳಿದ ಮಾತೆಲ್ಲ ಆಮೇಲೆ. ‘ಸದ್ಯಕ್ಕೆ ರಾಜೀನಾಮೆ’ ಎಂಬುದು ಕಾನೂನಿನಲ್ಲಿ ಇಲ್ಲ. ಕೊಟ್ಟರೆ ಕೊಟ್ಟ ಹಾಗೆಯೇ. ಆಮೇಲೆ ಕರೆಯುತ್ತೇವೆ ಎಂಬ ಬಾಯಿಮಾತನ್ನು ಹಿಡಿದು ಕೇಳಲು ನಿಮ್ಮ ಕೈಯಲ್ಲಿ ಏನೂ ಇರುವುದಿಲ್ಲ.

ಈ ವಿಷಯದಲ್ಲಿ ಹೆಚ್ಚಿನವರು ಎಡವುವುದು ಒಂದೇ ಕಡೆ. ಸ್ಟ್ರೋಕ್‌ಗೆ ಏನು ಯೋಜನೆ ಇದೆ, ಕಿಡ್ನಿ ರೋಗಕ್ಕೆ ಏನಿದೆ, ಹೃದಯದ ಕಾಯಿಲೆಗೆ ಏನಿದೆ ಎಂದು ಕಾಯಿಲೆಯ ಹೆಸರು ಹಿಡಿದುಕೊಂಡು ಕಚೇರಿ ಕಚೇರಿ ಸುತ್ತುತ್ತಾರೆ. ಉದ್ಯೋಗಕ್ಕೆ ಸಂಬಂಧಪಟ್ಟ ಸರಕಾರಿ ನೆರವು ನಿಂತಿರುವುದು ಬೇರೆ ಮೂರು ಗುರುತುಗಳ ಮೇಲೆ: ಇಎಸ್‌ಐ (ನೌಕರರ ರಾಜ್ಯ ವಿಮೆ) ಇರುವ ಕಾರ್ಮಿಕ, ಶೇ. 40 ಅಥವಾ ಹೆಚ್ಚಿನ ವೈಕಲ್ಯದ ಪ್ರಮಾಣಪತ್ರ ಇರುವವನು, ಎಂಪ್ಲಾಯ್‌ಮೆಂಟ್ ಎಕ್ಸ್‌ಚೇಂಜಿನಲ್ಲಿ ಹೆಸರಿರುವವನು. ನಿಮ್ಮ ತಮ್ಮನಿಗೆ ಮೂರೂ ಸಾಧ್ಯ. ಆದರೆ ಕ್ರಮ ತಪ್ಪಿದರೆ ಒಂದು ಇನ್ನೊಂದನ್ನು ಕೆಡಿಸುತ್ತದೆ.

ಮೊದಲು ಇಎಸ್‌ಐ, ಏಕೆಂದರೆ ಅದರ ಗಡಿಯಾರ ಓಡುತ್ತಲೇ ಇದೆ. 21,000 ರೂಪಾಯಿವರೆಗೆ ಸಂಬಳ ಇರುವವರಿಗೆ, ಅಂಗವೈಕಲ್ಯ ಇದ್ದರೆ 25,000ದವರೆಗೆ, ಇಎಸ್‌ಐ ಅನ್ವಯಿಸುತ್ತದೆ. ಹಳೆಯ ಸಂಬಳದ ಚೀಟಿ ತೆಗೆದು ನೋಡಿ. ಸಂಬಳದ ಶೇ. 0.75, ಅಂದರೆ 18,500ಕ್ಕೆ 139 ರೂಪಾಯಿ ಕಡಿತವಾಗಿದ್ದರೆ ಅವನು ವಿಮೆಯ ಒಳಗಿದ್ದಾನೆ. ಮಾಲೀಕರ ಪಾಲು ಶೇ. 3.25.

ಸಾಮಾನ್ಯ ಕಾಯಿಲೆಯ ಭತ್ಯೆ ವರ್ಷಕ್ಕೆ 91 ದಿನ, ಸರಾಸರಿ ದಿನಗೂಲಿಯ ಶೇ. 70. ಅಷ್ಟಕ್ಕೇ ಮುಗಿಯಿತು ಎಂದುಕೊಂಡು ಬಿಟ್ಟುಬಿಡುವವರೇ ಹೆಚ್ಚು. ದೀರ್ಘಕಾಲದ 34 ಕಾಯಿಲೆಗಳಿಗೆ ವಿಸ್ತರಿತ ಭತ್ಯೆ ಎಂಬುದು ಬೇರೆಯೇ ಇದೆ, ಅರ್ಧಾಂಗ ವಾಯು ಆ ಪಟ್ಟಿಯಲ್ಲಿದೆ. ಇಲ್ಲಿ ಸಿಗುವುದು ಶೇ. 80. ನಿಮ್ಮ ತಮ್ಮನ ಸಂಬಳಕ್ಕೆ ಲೆಕ್ಕ ಹಾಕಿದರೆ ದಿನಕ್ಕೆ ಸುಮಾರು 490 ರೂಪಾಯಿ. ಮೊದಲ 91 ದಿನವೂ ಸೇರಿ ಒಟ್ಟು 400 ದಿನದವರೆಗೆ, ವೈದ್ಯಕೀಯ ಮಂಡಳಿ ಒಪ್ಪಿದರೆ ಇನ್ನೂ ಮುಂದಕ್ಕೆ ಹೋಗುತ್ತದೆ. ಷರತ್ತು ಎರಡು: ಕಾಯಿಲೆಗೆ ಮೊದಲು ಎರಡು ವರ್ಷ ನಿರಂತರ ಕೆಲಸದಲ್ಲಿರಬೇಕು, ಅದರೊಳಗಿನ ನಾಲ್ಕು ವಂತಿಗೆ ಅವಧಿಗಳಲ್ಲಿ ಒಟ್ಟು 156 ದಿನದ ವಂತಿಗೆ ಕಟ್ಟಿರಬೇಕು. ಆರು ವರ್ಷದ ನೌಕರಿಯವನಿಗೆ ಇದು ತೊಡಕಾಗದು.

ಇಲ್ಲಿ ಹಾಳಾಗುವುದು ಸರ್ಟಿಫಿಕೇಟಿನಲ್ಲಿ. ಖಾಸಗಿ ಆಸ್ಪತ್ರೆಯ ವೈದ್ಯರು ಬರೆದುಕೊಟ್ಟ ವಿಶ್ರಾಂತಿ ಚೀಟಿಗೆ ಇಎಸ್‌ಐ ನೇರವಾಗಿ ಹಣ ಕೊಡುವುದಿಲ್ಲ, ಇಎಸ್‌ಐ ವೈದ್ಯರೇ ದೃಢಪಡಿಸಬೇಕು. ಈವರೆಗೆ ತೆಗೆದುಕೊಂಡಿಲ್ಲವಾದರೆ ಡಿಸ್ಚಾರ್ಜ್ ಸಮ್ಮರಿ, ಸ್ಕ್ಯಾನ್ ವರದಿ, ಫಿಸಿಯೋಥೆರಪಿಯ ಚೀಟಿಗಳೊಂದಿಗೆ ಈ ವಾರವೇ ಡಿಸ್ಪೆನ್ಸರಿಗೂ ಇಎಸ್‌ಐ ಬ್ರಾಂಚ್ ಆಫೀಸಿಗೂ ಹೋಗಿ. ಹಿಂದಿನ ತಾರೀಕಿಗೆ ಸರ್ಟಿಫಿಕೇಟ್ ಪಡೆಯುವುದು ಕಷ್ಟ. ತಡ ಮಾಡಿದಷ್ಟೂ ಕೈತಪ್ಪುವ ದಿನಗಳು ಹೆಚ್ಚುತ್ತವೆ.

ಇಎಸ್‌ಐ ಕಾಯಿಲೆ ಭತ್ಯೆ ಪಡೆಯುತ್ತಿರುವ ಕಾರ್ಮಿಕನನ್ನು ಆ ಅವಧಿಯಲ್ಲಿ ಮಾಲೀಕರು ಕೆಲಸದಿಂದ ತೆಗೆಯುವಂತಿಲ್ಲ. ರಾಜೀನಾಮೆ ಕೇಳುವುದರ ಹಿಂದಿನ ಗುಟ್ಟು ಹಲವು ಸಲ ಇದೇ. ತೆಗೆಯುವಂತಿಲ್ಲ, ಆದರೆ ಅವನಾಗಿಯೇ ಬಿಟ್ಟರೆ ಯಾರೂ ಕೇಳುವುದಿಲ್ಲ.

ಭತ್ಯೆಯ ದಿನಗಳಲ್ಲಿ ಸಂಬಳಕ್ಕೆ ಕೆಲಸ ಮಾಡಕೂಡದು ಎಂಬುದನ್ನೂ ನೆನಪಿಡಿ. ಅರ್ಧ ದಿನ ಕೆಲಸ, ಅರ್ಧ ಭತ್ಯೆ ಎಂಬ ಏರ್ಪಾಡು ನಮ್ಮಲ್ಲಿ ಇಲ್ಲ. ಸ್ಟ್ರೋಕ್ ಆದವರಿಗೆ ಬೇಕಾದದ್ದು ನಿಜಕ್ಕೂ ಅದೇ, ಮೊದಲ ತಿಂಗಳು ಮೂರು ಗಂಟೆ, ಮುಂದಿನ ತಿಂಗಳು ಐದು ಗಂಟೆ ಎಂಬ ಹಾಗೆ. ಕಾನೂನು ಅದನ್ನು ಯೋಚಿಸಿಯೇ ಇಲ್ಲ. ಹಾಗಾಗಿ ಫಿಟ್‌ನೆಸ್ ಸರ್ಟಿಫಿಕೇಟ್ ತೆಗೆದುಕೊಳ್ಳುವ ದಿನವನ್ನು ನೀವೇ ಯೋಚಿಸಿ ಆರಿಸಬೇಕು, ಕೆಲಸದ ಜಾಗದಲ್ಲಿ ಏರ್ಪಾಡು ಆದ ಮೇಲೆ, ಅದಕ್ಕೆ ಮೊದಲು ಬೇಡ.

ಈ ನಡುವೆ ಪ್ರಮಾಣಪತ್ರದ ಕೆಲಸ ಶುರುಮಾಡಿ. ಎಂಟು ತಿಂಗಳು ಕಳೆದಿರುವುದು ಇಲ್ಲಿ ಒಳ್ಳೆಯದೇ ಆಯಿತು. ನರಸಂಬಂಧಿ ಕಾಯಿಲೆಗಳಲ್ಲಿ ವೈಕಲ್ಯದ ಅಳತೆ ಮಾಡುವುದು ಸಾಮಾನ್ಯವಾಗಿ ಕಾಯಿಲೆ ಬಂದು ಆರು ತಿಂಗಳ ನಂತರ. ಅಳೆಯುವುದು ಕಾಯಿಲೆಯನ್ನಲ್ಲ, ಅದು ಉಳಿಸಿಹೋದ ಪರಿಣಾಮವನ್ನು. ಮೆದುಳಿನ ಸ್ಕ್ಯಾನಿನಲ್ಲಿ ದೊಡ್ಡ ಕಲೆ ಕಂಡರೂ ಕೈಕಾಲು ಚೆನ್ನಾಗಿದ್ದರೆ ಶೇಕಡಾ ಏರುವುದಿಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಯ ವೈಕಲ್ಯಗಳಿವೆ. ಸಕ್ಕರೆ ಕಾಯಿಲೆ, ಹೃದ್ರೋಗ, ಕ್ಯಾನ್ಸರ್, ಡಯಾಲಿಸಿಸ್ ಇವು ತಮ್ಮಷ್ಟಕ್ಕೆ ಆ ಪಟ್ಟಿಯಲ್ಲಿ ಇಲ್ಲ. ಅವುಗಳಿಂದ ಕಾಲು ಹೋದರೆ, ಕಣ್ಣು ಹೋದರೆ ಆಗ ಪಟ್ಟಿಯೊಳಗೆ ಬರುತ್ತವೆ.

ಅರ್ಜಿ ಹಾಕುವುದು ಕೇಂದ್ರ ಸರಕಾರದ ಸ್ವಾವಲಂಬನ್ ಪೋರ್ಟಲಿನಲ್ಲಿ, ಯುಡಿಐಡಿ ಕಾರ್ಡಿಗಾಗಿ, ಅಂದರೆ ಅಂಗವಿಕಲರ ಗುರುತಿನ ಚೀಟಿಗಾಗಿ. ಕೇರಳದ ಆನ್‌ಲೈನ್ ಸೇವೆಯ ಅಕ್ಷಯ ಕೇಂದ್ರದಲ್ಲಿ ಮಾಡಿಸಬಹುದು. ಆಧಾರ್, ಫೋಟೋ, ವಿಳಾಸದ ದಾಖಲೆ, ಚಿಕಿತ್ಸೆಯ ಕಾಗದಗಳು ಬೇಕು. ಅರ್ಜಿಯಲ್ಲಿ ವೈಕಲ್ಯದ ಬಗೆ ಆರಿಸುವ ಜಾಗವೇ ಎಲ್ಲಕ್ಕಿಂತ ಮುಖ್ಯ. ಅಕ್ಷಯದ ಹುಡುಗರು ಅವಸರದಲ್ಲಿ ‘ಚಲನ ವೈಕಲ್ಯ’ (ಕೈಕಾಲಿನ ವೈಕಲ್ಯ) ಒಂದನ್ನೇ ಒತ್ತಿಬಿಡುತ್ತಾರೆ. ನಿಮ್ಮ ತಮ್ಮನಿಗೆ ಮಾತಿನ ತೊಂದರೆಯೂ ಇದೆ. ಸ್ಟ್ರೋಕ್‌ನಿಂದ ಬಂದ ಮಾತಿನ ಮತ್ತು ಭಾಷೆಯ ವೈಕಲ್ಯ ಆ 21ರಲ್ಲಿ ಪ್ರತ್ಯೇಕವಾಗಿಯೇ ಇದೆ. ಎರಡನ್ನೂ ನಮೂದಿಸದಿದ್ದರೆ ವೈಕಲ್ಯ ಅಳೆಯುವ ವೈದ್ಯಕೀಯ ಬೋರ್ಡಿನಲ್ಲಿ ಮೂಳೆ ವೈದ್ಯರು ಕೈಕಾಲು ನೋಡಿ ಕಳುಹಿಸುತ್ತಾರೆ, ಮಾತನ್ನು ಯಾರೂ ಪರೀಕ್ಷಿಸುವುದಿಲ್ಲ.

ಇದರಿಂದ ಎಷ್ಟು ವ್ಯತ್ಯಾಸ ಆಗುತ್ತದೆ ನೋಡಿ. ಎರಡು ವೈಕಲ್ಯಗಳನ್ನು ಸೇರಿಸುವಾಗ ಸುಮ್ಮನೆ ಕೂಡಿಸುವುದಿಲ್ಲ. ದೊಡ್ಡ ಶೇಕಡಾವನ್ನು 90ರಿಂದ ಕಳೆದು, ಉಳಿದದ್ದನ್ನು ಚಿಕ್ಕ ಶೇಕಡಾದಿಂದ ಗುಣಿಸಿ, 90ರಿಂದ ಭಾಗಿಸಿ, ಬಂದದ್ದನ್ನು ದೊಡ್ಡದಕ್ಕೆ ಸೇರಿಸುತ್ತಾರೆ. ಕೈಕಾಲಿಗೆ 30, ಮಾತಿಗೆ 15 ಬಂತು ಎಂದಿಟ್ಟುಕೊಳ್ಳಿ. 90ರಲ್ಲಿ 30 ಹೋದರೆ 60; 60ನ್ನು 15ರಿಂದ ಗುಣಿಸಿದರೆ 900; 90ರಿಂದ ಭಾಗಿಸಿದರೆ 10. ಒಟ್ಟು 40. ಮಾತನ್ನು ಅಳೆಯದೇ ಬಿಟ್ಟಿದ್ದರೆ 30ರಲ್ಲೇ ನಿಂತು, ಸಾಲ, ಪಿಂಚಣಿ ಎಲ್ಲದರ ಬಾಗಿಲೂ ಮುಚ್ಚುತ್ತಿತ್ತು. ಒಂದು ಎಚ್ಚರಿಕೆ ಇದೆ. ಸರಕಾರಿ ನೌಕರಿಯ ಮೀಸಲಾತಿ ಪಟ್ಟಿಯಲ್ಲಿ ಮಾತಿನ ವೈಕಲ್ಯ ಪ್ರತ್ಯೇಕವಾಗಿ ಇಲ್ಲ. ಅಲ್ಲಿ ಚಲನ ವೈಕಲ್ಯವೇ ಶೇ. 40 ಇದ್ದರೆ ತಕರಾರು ಇಲ್ಲ.

ಮಂಗಳೂರಿನ ಖಾಸಗಿ ಆಸ್ಪತ್ರೆಯ ಕಾಗದಗಳನ್ನು ಬೋರ್ಡ್ ನೋಡುತ್ತದೆ, ಆದರೆ ಪ್ರಮಾಣಪತ್ರ ಕೊಡುವುದು ನೀವು ವಾಸಿಸುವ ಜಿಲ್ಲೆಯ ಅಧಿಕೃತ ವೈದ್ಯಾಧಿಕಾರಿಗಳು. ಕಾಸರಗೋಡು ಜಿಲ್ಲೆಯವರು ಇಲ್ಲಿನ ಸರಕಾರಿ ಆಸ್ಪತ್ರೆಯನ್ನೇ ಆರಿಸಿಕೊಳ್ಳಿ. ಬೋರ್ಡಿನ ದಿನ ತಮ್ಮನನ್ನು ಚೆನ್ನಾಗಿ ತಯಾರು ಮಾಡಿ ಕರೆದೊಯ್ಯಬೇಡಿ. ಇಡೀ ವರ್ಷ ಗುಂಡಿ ಹಾಕಲು ಆಗದವನಿಗೆ ಅಂದು ಮನೆಯವರೇ ಅಂಗಿ ತೊಡಿಸಿ, ಬೈತಲೆ ತೆಗೆದು, ಪ್ರಶ್ನೆಗೆಲ್ಲ ತಾವೇ ಉತ್ತರ ಕೊಟ್ಟುಬಿಡುತ್ತಾರೆ. ಅವನೇ ಮಾತಾಡಲಿ, ತಡವರಿಸಲಿ, ಪೆನ್ನು ಹಿಡಿಯಲು ಯತ್ನಿಸಲಿ. ಮಾತಿನ ಪರೀಕ್ಷೆ ಮಲಯಾಳದಲ್ಲಿ ನಡೆದರೆ, ಮನೆಯಲ್ಲಿ ಅವನಾಡುವ ಭಾಷೆ ಯಾವುದೆಂದು ಮೊದಲೇ ತಿಳಿಸಿ. ಪರಿಚಯವಿಲ್ಲದ ಭಾಷೆಯ ತಡವರಿಕೆಗೂ ಕಾಯಿಲೆಯ ತಡವರಿಕೆಗೂ ವ್ಯತ್ಯಾಸ ಗೊತ್ತಾಗಬೇಕು. ಕನ್ನಡದಲ್ಲೇ ಮಾತಿನ ಚಿಕಿತ್ಸೆ ಬೇಕಿದ್ದರೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಅಲ್ಲಿನ ವರದಿಯೂ ಬೋರ್ಡಿನ ಮುಂದೆ ತೂಕದ್ದು.

ಚೇತರಿಕೆ ನಡೆಯುತ್ತಿರುವಾಗ ತಾತ್ಕಾಲಿಕ ಪ್ರಮಾಣಪತ್ರ ಕೊಡುವುದು ಸಾಮಾನ್ಯ. ಮುಗಿಯುವ ತಾರೀಕು ಅದರಲ್ಲೇ ಇರುತ್ತದೆ. ಅದಕ್ಕೆ ಮೊದಲೇ ಮತ್ತೆ ಅರ್ಜಿ ಹಾಕಿ. ಶೇಕಡಾ ಕಡಿಮೆ ಬಂತು ಅನ್ನಿಸಿದರೆ 90 ದಿನದೊಳಗೆ ಮೇಲ್ಮನವಿ ಸಲ್ಲಿಸಬಹುದು. ಈ ಪ್ರಮಾಣಪತ್ರ ದೇಶದ ಎಲ್ಲ ಕಡೆ ಊರ್ಜಿತ. ಗಡಿಯ ತಲಪಾಡಿ ದಾಟಿದ ಮಾತ್ರಕ್ಕೆ ಮಂಗಳೂರಿನ ಕಂಪೆನಿ ‘ಇದು ಕೇರಳದ್ದು’ ಎನ್ನುವಂತಿಲ್ಲ.

ಈಗ ಕಂಪೆನಿಯ ವಿಷಯ. ನೌಕರಿಯಲ್ಲಿದ್ದಾಗ ವೈಕಲ್ಯ ಬಂದರೆ ತೆಗೆಯಬಾರದು, ಅದೇ ಸಂಬಳಕ್ಕೆ ಬೇರೆ ಹುದ್ದೆ ಕೊಡಬೇಕು ಎಂಬ, 2016ರ ಅದೇ ಕಾಯ್ದೆಯ 20ನೇ ಸೆಕ್ಷನ್‌ನ ಗಟ್ಟಿ ರಕ್ಷಣೆ ಇರುವುದು ಸರಕಾರಿ ಸಂಸ್ಥೆಗಳವರಿಗೆ. ಖಾಸಗಿಯವರಿಗೆ ಅದು ನೇರವಾಗಿ ಅನ್ವಯಿಸುವುದಿಲ್ಲ. ಆದರೆ ಸಮಾನ ಅವಕಾಶ ನೀತಿಯೊಂದನ್ನು ಖಾಸಗಿ ಸಂಸ್ಥೆಯೂ ಮಾಡಿ ಪ್ರಕಟಿಸಬೇಕು. 20 ಅಥವಾ ಹೆಚ್ಚು ನೌಕರರಿದ್ದರೆ ಅದಕ್ಕೊಬ್ಬ ಸಂಪರ್ಕಾಧಿಕಾರಿಯೂ ಇರಬೇಕು. ನಿಮ್ಮ ಪತ್ರದಲ್ಲಿ ‘ನಿಮ್ಮ ಸಮಾನ ಅವಕಾಶ ನೀತಿಯ ಪ್ರತಿ ಕೊಡಿ’ ಎಂದು ಒಂದು ಸಾಲು ಸೇರಿಸಿ. ಹೆಚ್ಚಿನ ಕಡೆ ಅಂಥ ಕಾಗದವೇ ಇರುವುದಿಲ್ಲ, ಆ ಸಾಲು ಓದಿದ ಮೇಲೆ ಮಾತಿನ ಧಾಟಿ ಬದಲಾಗುತ್ತದೆ. ದೂರು ಕೊಡುವ ಹಂತ ಬಂದರೆ ಕೆಲಸದ ಜಾಗ ಕರ್ನಾಟಕದಲ್ಲಿರುವುದರಿಂದ ಬೆಂಗಳೂರಿನ ವಿಕಲಚೇತನರ ರಾಜ್ಯ ಆಯುಕ್ತರ ಕಚೇರಿಗೆ, ತಿರುವನಂತಪುರಕ್ಕಲ್ಲ.

ದೂರಿಗಿಂತ ಮೊದಲು ಏರ್ಪಾಡಿನ ಪಟ್ಟಿ ಕೊಡುವುದು ಜಾಣತನ. ಮಾಲೀಕರಿಗೆ ಭಯ ಇರುವುದು ಖರ್ಚಿನದ್ದು. ಲೆಕ್ಕದ ಕೆಲಸಕ್ಕೆ ಬೇಕಾದದ್ದು ಬಹಳ ಕಡಿಮೆ. ಕೀಬೋರ್ಡಿನ ಅಂಕಿಗಳ ಭಾಗ ಬಲಗಡೆ ಇರುತ್ತದೆ. ಎಡಗೈಯಲ್ಲಿ ಅಲ್ಲಿಗೆ ಚಾಚಿ ಚಾಚಿ ಒತ್ತಿದರೆ ಒಂದು ಗಂಟೆಯಲ್ಲಿ ಭುಜ ಸೋಲುತ್ತದೆ. ಯುಎಸ್‌ಬಿ ನಂಬರ್ ಪ್ಯಾಡ್ ಎಂದು ಪ್ರತ್ಯೇಕವಾಗಿ ಸಿಗುತ್ತದೆ, ಬೆಲೆ ಕೆಲವು ನೂರು ರೂಪಾಯಿ. ಅದನ್ನು ಎಡಗಡೆ ಇಟ್ಟರೆ ಆಯಿತು. ಲೆಕ್ಕದ ತಂತ್ರಾಂಶ ಟ್ಯಾಲಿಯಲ್ಲಿ ಕಂಟ್ರೋಲ್, ಆಲ್ಟ್ ಕೀಲಿಗಳೊಡನೆ ಇನ್ನೊಂದನ್ನು ಒತ್ತುವ ಕೆಲಸ ಹೆಚ್ಚು. ವಿಂಡೋಸ್‌ನಲ್ಲಿ ಶಿಫ್ಟ್ ಕೀಲಿಯನ್ನು ಐದು ಸಲ ಒತ್ತಿದರೆ ಸ್ಟಿಕಿ ಕೀಸ್ ಚಾಲೂ ಮಾಡಲೇ ಎಂದು ಕೇಳುತ್ತದೆ. ಚಾಲೂ ಮಾಡಿದರೆ ಒಂದಾದ ಮೇಲೊಂದು ಒತ್ತಿದರೂ ಸಾಕು, ಎರಡು ಕೈ ಬೇಕಿಲ್ಲ. ಮೌಸಿನ ಎಡ ಬಲ ಗುಂಡಿಗಳನ್ನು ಅದಲು ಬದಲು ಮಾಡಬಹುದು. ಫೋನಿನಲ್ಲಿ ಬಾಕಿ ಕೇಳುವ ಕೆಲಸ ಬೇರೆಯವರಿಗೆ, ಅದಕ್ಕೆ ಬದಲಾಗಿ ಬ್ಯಾಂಕ್ ಲೆಕ್ಕ ತಾಳೆ ನೋಡುವುದು, ಜಿಎಸ್‌ಟಿ ರಿಟರ್ನ್ ತಯಾರಿ ಇವನಿಗೆ. ಸೂಚನೆಗಳನ್ನು ಬಾಯಲ್ಲಿ ಹೇಳದೆ ಬರೆದು ಕೊಡುವುದು. ರೈಲಿನ ನೂಕುನುಗ್ಗಲು ತಪ್ಪಲು ಬರುವ ಹೋಗುವ ಸಮಯವನ್ನು ಒಂದು ಗಂಟೆ ಸರಿಸುವುದು. ಇದಿಷ್ಟನ್ನು ಒಂದು ಪುಟದಲ್ಲಿ ಬರೆದು ಸ್ಪೀಡ್ ಪೋಸ್ಟಿನಲ್ಲಿ ಕಳುಹಿಸಿ, ರಶೀದಿ ಇಟ್ಟುಕೊಳ್ಳಿ. ಅಂಗವಿಕಲ ನೌಕರರ ಇಎಸ್‌ಐ, ಪಿಎಫ್‌ನಲ್ಲಿ ಮಾಲೀಕರ ಪಾಲನ್ನು ನಿಗದಿತ ಅವಧಿಗೆ ಕೇಂದ್ರ ಸರಕಾರವೇ ಭರಿಸುವ ಪ್ರೋತ್ಸಾಹ ಯೋಜನೆ 2008ರಲ್ಲಿ ಬಂದಿದೆ. ಅವನಿಗೆ ಅದು ಅನ್ವಯಿಸುತ್ತದೆಯೇ ಎಂದು ಕಂಪೆನಿಯ ಲೆಕ್ಕಪರಿಶೋಧಕರಿಂದಲೇ ಕೇಳಿಸಿ.

ಅಲ್ಲಿ ಆಗದೇ ಹೋದರೆ ಎರಡನೆಯ ದಾರಿಗಳು. ಎಂಪ್ಲಾಯ್‌ಮೆಂಟ್ ಎಕ್ಸ್‌ಚೇಂಜಿನಲ್ಲಿ ಹೆಸರು ನೋಂದಾಯಿಸಿ. ಹಿಂದೆ ನೋಂದಾಯಿಸಿದ್ದರೆ ಕಾರ್ಡಿನಲ್ಲಿ ನವೀಕರಣದ ತಿಂಗಳು ನೋಡಿ. ಮೂರು ವರ್ಷಕ್ಕೊಮ್ಮೆ ನವೀಕರಿಸಬೇಕು, ಆ ತಿಂಗಳು ಮತ್ತು ನಂತರದ ಎರಡು ತಿಂಗಳು ಅವಕಾಶ. ತಪ್ಪಿದರೆ ಹಿರಿತನ ಹೋಗುತ್ತದೆ. ಹಿರಿತನ ಮರಳಿ ಕೊಡುವ ವಿಶೇಷ ನವೀಕರಣವನ್ನು ಸರಕಾರ ಆಗಾಗ ಘೋಷಿಸುತ್ತದೆ. ಅದನ್ನು ಕಾದು ನೋಡಿ. ವೈಕಲ್ಯದ ಪ್ರಮಾಣಪತ್ರ ಕೈಗೆ ಬಂದ ಕೂಡಲೇ ಅದನ್ನು ನೋಂದಣಿಗೆ ಸೇರಿಸಿಸಿ, ಇಲ್ಲವಾದರೆ ನೀವು ಸಾಮಾನ್ಯ ಸಾಲಿನಲ್ಲೇ ಇರುತ್ತೀರಿ. ಎಕ್ಸ್‌ಚೇಂಜಿನ ಮೂಲಕ ಸಿಗುವ ತಾತ್ಕಾಲಿಕ ಸರಕಾರಿ ಕೆಲಸ ಮುಗಿದಾಗ ಬಿಡುಗಡೆಯ ಸರ್ಟಿಫಿಕೇಟನ್ನು 90 ದಿನದೊಳಗೆ ಅಲ್ಲಿ ದಾಖಲಿಸಬೇಕು.

ಈ ನೋಂದಣಿ ಇದ್ದವರಿಗೆ ಕೇರಳದ ‘ಕೈವಲ್ಯ’ ಯೋಜನೆ. ಸ್ಪರ್ಧಾತ್ಮಕ ಪರೀಕ್ಷೆಯ ತರಬೇತಿಯೂ ಇದೆ, ಸ್ವಉದ್ಯೋಗಕ್ಕೆ 50,000 ರೂಪಾಯಿವರೆಗೆ ಬಡ್ಡಿಯಿಲ್ಲದ ಸಾಲವೂ ಇದೆ. ಸಾಲದ ಅರ್ಧ, ಹೆಚ್ಚೆಂದರೆ 25,000, ಸಬ್ಸಿಡಿ. ವಯಸ್ಸು 21ರಿಂದ 55, ಕುಟುಂಬದ ವಾರ್ಷಿಕ ಆದಾಯ 2 ಲಕ್ಷದೊಳಗೆ. ತಮ್ಮನಿಗೆ ಮದುವೆಯಾಗಿದ್ದು, ಅವನಿಗೆ ದುಡಿಯಲು ಸಾಧ್ಯವೇ ಇಲ್ಲದ ಸ್ಥಿತಿ ಬಂದರೆ ಹೆಂಡತಿಯ ಹೆಸರಲ್ಲಿ ಮಹಿಳೆಯರ ಸ್ವಉದ್ಯೋಗ ಸಾಲದ ‘ಶರಣ್ಯ’ ಯೋಜನೆಯನ್ನೂ ವಿಚಾರಿಸಿ.

ಸ್ವಲ್ಪ ದೊಡ್ಡದಾಗಿ ಯೋಚಿಸುವುದಾದರೆ ಪಿಎಂಇಜಿಪಿ, ಅಂದರೆ ಪ್ರಧಾನಮಂತ್ರಿ ಉದ್ಯೋಗ ಸೃಜನ ಕಾರ್ಯಕ್ರಮ. ಬದಿಯಡ್ಕದಂಥ ಗ್ರಾಮೀಣ ಜಾಗದಲ್ಲಿ ಲೆಕ್ಕಪತ್ರ, ಜಿಎಸ್‌ಟಿ ಸೇವೆಯ ಸಣ್ಣ ಕಚೇರಿ ಹಾಕಲು 3 ಲಕ್ಷದ ಯೋಜನೆ ಎಂದಿಟ್ಟುಕೊಳ್ಳಿ. ಅಂಗವಿಕಲರು ವಿಶೇಷ ವರ್ಗಕ್ಕೆ ಸೇರುವುದರಿಂದ ಕೈಯಿಂದ ಹಾಕಬೇಕಾದದ್ದು ಶೇ. 5, ಅಂದರೆ 15,000. ಉಳಿದ 2,85,000 ಬ್ಯಾಂಕಿನದ್ದು. ಶೇ. 35, ಅಂದರೆ 1,05,000 ಸಬ್ಸಿಡಿ. ಆ ಸಬ್ಸಿಡಿ ಕೈಗೆ ಬರುವುದಿಲ್ಲ. ಮೂರು ವರ್ಷ ಬ್ಯಾಂಕಿನಲ್ಲೇ ಠೇವಣಿಯಾಗಿ ಇದ್ದು, ಘಟಕ ನಡೆಯುತ್ತಿದ್ದರೆ ಮಾತ್ರ ಸಾಲಕ್ಕೆ ಜಮೆಯಾಗುತ್ತದೆ. ಅರ್ಜಿ ತಿರಸ್ಕಾರವಾಗುವುದು ಹೆಚ್ಚಾಗಿ ಒಂದು ಕಾರಣಕ್ಕೆ: ಮಂಜೂರಾತಿಗೆ ಮೊದಲೇ ಕಂಪ್ಯೂಟರ್ ಕೊಂಡು ಅಂಗಡಿ ತೆರೆದಿರುತ್ತಾರೆ. ಈಗಾಗಲೇ ಶುರುವಾದ ಘಟಕಕ್ಕೆ ಇದು ಸಿಗುವುದಿಲ್ಲ. ಬೇರೆ ಸರಕಾರಿ ಸಬ್ಸಿಡಿ ಪಡೆದ ಘಟಕಕ್ಕೂ ಸಿಗುವುದಿಲ್ಲ, ಆದ್ದರಿಂದ ಕೈವಲ್ಯದ 50,000 ಬೇಕೋ ಇದು ಬೇಕೋ ಎಂದು ಮೊದಲೇ ತೀರ್ಮಾನಿಸಿ. ಕರ್ನಾಟಕ ಸರಕಾರದ ಸಾಲ ಯೋಜನೆಗಳು ಅಲ್ಲಿನ ನಿವಾಸಿಗಳಿಗೆ; ಮಂಗಳೂರಿನಲ್ಲಿ ದುಡಿದ ಮಾತ್ರಕ್ಕೆ ಅವು ಸಿಗುವುದಿಲ್ಲ.

ಸರಕಾರಿ ನೌಕರಿಯ ಬಾಗಿಲೂ ಪೂರ್ತಿ ಮುಚ್ಚಿಲ್ಲ. 34 ವರ್ಷ ಆಯಿತಲ್ಲ ಎಂದು ಕೈಬಿಡಬೇಡಿ. ಬ್ಯಾಂಕ್ ಕ್ಲರ್ಕ್ ಹುದ್ದೆಗೆ ಸಾಮಾನ್ಯ ಮಿತಿ 28. ಶೇ. 40 ವೈಕಲ್ಯ ಇದ್ದವರಿಗೆ 10 ವರ್ಷ ಸಡಿಲಿಕೆ, ಅಂದರೆ 38ರವರೆಗೆ. ಒಬಿಸಿ ಆದರೆ ಇನ್ನೂ ಮೂರು ವರ್ಷ. ಸರಕಾರಿ ಹುದ್ದೆಗಳಲ್ಲಿ ಶೇ. 4 ಮೀಸಲು, ಅದರಲ್ಲಿ ಶೇ. 1 ಚಲನ ವೈಕಲ್ಯದವರಿಗೆ. ಬಲಗೈಯಲ್ಲಿ ಬರೆಯಲು ಆಗದಿದ್ದರೆ ಹೇಳಿದ್ದನ್ನು ಬರೆದುಕೊಡುವ ಲಿಪಿಕಾರರನ್ನು ಪಡೆಯಬಹುದು, ಗಂಟೆಗೆ 20 ನಿಮಿಷ ಹೆಚ್ಚುವರಿ ಸಮಯವೂ ಇದೆ. ಆದರೆ ಒಂದೇ ಕೈಯ ತೊಂದರೆ ಇದ್ದವರಿಗೆ ಅಂಗವಿಕಲ ಕಾರ್ಡ್ ಸಾಲದು. ಬರೆಯಲು ಆಗದು ಎಂದು ಸರಕಾರಿ ಆಸ್ಪತ್ರೆಯ ಮುಖ್ಯ ವೈದ್ಯಾಧಿಕಾರಿ ನಿಗದಿತ ನಮೂನೆಯಲ್ಲಿ ಬೇರೆಯೇ ಕೊಡಬೇಕು. ಪರೀಕ್ಷೆಯ ಹಿಂದಿನ ವಾರ ಇದಕ್ಕಾಗಿ ಓಡಾಡುವವರನ್ನು ಎಲ್ಲ ಆಸ್ಪತ್ರೆಗಳಲ್ಲೂ ಕಾಣಬಹುದು. ಕೇರಳ ಪಿಎಸ್‌ಸಿಯಲ್ಲಿ ಕಾಸರಗೋಡಿಗೆಂದೇ ಕನ್ನಡ ಮಲಯಾಳ ಬಲ್ಲ ಕ್ಲರ್ಕ್ ಹುದ್ದೆಗಳು ಬರುತ್ತವೆ, ಅಲ್ಲಿ ಪೈಪೋಟಿ ಜಿಲ್ಲೆಯೊಳಗಿನದ್ದು. ಪ್ರೊಫೈಲಿನಲ್ಲಿ ವೈಕಲ್ಯದ ವಿವರ ತುಂಬಿಸಿದ್ದೀರಾ ನೋಡಿ.

ಕುಂಬಳೆಯಿಂದ ಮಂಗಳೂರಿಗೆ ರೈಲಿನಲ್ಲಿ ಹೋಗಿಬರುವುದಾದರೆ, ಜೊತೆಗಾರರಿಲ್ಲದೆ ಪ್ರಯಾಣಿಸಲಾಗದ ಚಲನ ವೈಕಲ್ಯದವರಿಗೆ ಸೀಸನ್ ಟಿಕೆಟಿನಲ್ಲಿ ಶೇ. 50 ರಿಯಾಯಿತಿ ಇದೆ, ಜೊತೆಗಾರರಿಗೂ ಸಿಗುತ್ತದೆ. ಇದಕ್ಕೆ ರೈಲ್ವೆಯದ್ದೇ ನಮೂನೆಯಲ್ಲಿ ಸರಕಾರಿ ವೈದ್ಯರ ಸಹಿ ಬೇಕು. ಒಬ್ಬನೇ ಹೋಗಿಬರಲು ಆಗುವವನಾದರೆ ಆ ಸಾಲಿನಲ್ಲಿ ಸಹಿ ಕೇಳಬೇಡಿ.

ಪಿಂಚಣಿಯ ಪ್ರಶ್ನೆಗೆ ಉತ್ತರ: ಹೌದು, ನಿಲ್ಲಬಹುದು, ಆದರೆ ಕೆಲಸ ಸಿಕ್ಕಿತು ಎಂಬ ಕಾರಣಕ್ಕಲ್ಲ. ಕೇರಳದ ಅಂಗವಿಕಲ ಪಿಂಚಣಿಗೆ ಕುಟುಂಬದ ವಾರ್ಷಿಕ ಆದಾಯ 1 ಲಕ್ಷ ಮೀರಬಾರದು. ತಿಂಗಳಿಗೆ 8,300ರ ಆಸುಪಾಸು ಬಂದರೆ ಆ ಗೆರೆ ತಲುಪಿದ ಹಾಗೆ. 2025ರ ನವೆಂಬರ್‌ನಿಂದ ಪಿಂಚಣಿ ತಿಂಗಳಿಗೆ 2,000. ಅದನ್ನು ಉಳಿಸಿಕೊಳ್ಳಲು 18,500ರ ಕೆಲಸ ಬಿಡುವುದು ಲೆಕ್ಕ ಬಲ್ಲವರು ಮಾಡುವ ಕೆಲಸವಲ್ಲ. ಆದರೆ ಸಂಬಳ ಶುರುವಾದದ್ದನ್ನು ಪಂಚಾಯತಿಗೆ ಬರೆದು ತಿಳಿಸಿ. ಗುಟ್ಟಾಗಿ ಪಡೆದ ಹಣವನ್ನು ವರ್ಷಗಳ ನಂತರವೂ ಒಟ್ಟಿಗೆ ವಾಪಸು ಕೇಳುತ್ತಾರೆ. ಮುಂದೆ ಕೆಲಸ ಹೋದರೆ ಹೊಸ ಆದಾಯ ಪ್ರಮಾಣಪತ್ರದೊಡನೆ ಮತ್ತೆ ಅರ್ಜಿ ಹಾಕಬಹುದು, ಅದಕ್ಕಾಗಿ ಯುಡಿಐಡಿ ಕಾರ್ಡಿನ ಅವಧಿ ಮುಗಿಯಲು ಬಿಡಬೇಡಿ.